ಪಾಳು ಬೀಳದ ಕೋಟೆ



ಕೋಟೆ ನೋಡಿ ಖುಷಿಪಡುವುದು ತಪ್ಪೇ? ಪ್ರಶ್ನೆ ಕೇಳಿ ನಗು ಬರಬಹುದು. ಭೂಮಿ, ಕೂಲಿ, ಮರ್ಯಾದೆ ಇಷ್ಟೆಲ್ಲ ಪ್ರಶ್ನೆಗಳು ಬಾಗಿಲಲ್ಲಿ ನಿಂತಿರುವಾಗ ಇದೂ ಒಂದು ಪ್ರಶ್ನೆಯೇನ್ರಯ್ಯಾ ಅಂತ ಹಿರಿಯ ಸಂಗಾತಿಗಳು ಬೈಯಬಹುದು. ಆದರೆ ಮೂರು ತಿಂಗಳಿಂದ ಇದು ನಮ್ಮನ್ನು ಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇವೆ.

ಕಾರ್ತೀಕ ಮಾಸದ ಒಂದು ಭಾನುವಾರ ನಾವು ಆರು ಜನ ಮಂಜರಾಬಾದ್ ಕೋಟೆ ನೋಡಲು ಹೋದೆವು. ಆರೂ ಜನ ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿಯವರು. ಆರೂ ಜನ ನಮ್ಮ ನಮ್ಮ ಮನೆಗಳಲ್ಲಿ ಮೊಟ್ಟಮೊದಲು ಡಿಗ್ರಿ ಮಾಡಿದವರು. ಇಬ್ಬರು ಅತಿಥಿ ಶಿಕ್ಷಕರು, ಒಬ್ಬಳು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ, ಉಳಿದ ಮೂವರು ಅರ್ಜಿ ಹಾಕುತ್ತಿದ್ದೇವೆ. ಚಿಕ್ಕಂದಿನಿಂದ ಮಂಗಳೂರು ರಸ್ತೆಯಲ್ಲಿ ಹೋಗುವಾಗ ಆ ಗುಡ್ಡವನ್ನು ಕಂಡಿದ್ದೆವು. ಹತ್ತಿರಲಿಲ್ಲ. ಕೋಟೆ ನೋಡೋಕೆ ಅಂತ ಒಂದು ದಿನದ ಕೂಲಿ ಬಿಡುವುದು ನಮ್ಮ ಮನೆಗಳಲ್ಲಿ ಯಾರ ತಲೆಗೂ ಹೊಳೆಯುವ ವಿಷಯವಲ್ಲ.

ಸಕಲೇಶಪುರ ದಾಟಿ ಐದಾರು ಕಿಲೋಮೀಟರ್ ಹೋದರೆ ದೋಣಿಗಾಲ್. ಅಲ್ಲಿ ಹತ್ತಬೇಕು, 250ರಷ್ಟು ಮೆಟ್ಟಿಲು. ಕೋಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರದಲ್ಲಿ. ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, 1792ರ ಹೊತ್ತಿಗೆ ಮುಗಿದದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ, ಫ್ರೆಂಚರ ಕೋಟೆಗಳ ಮಾದರಿ. ಗೋಡೆಯ ಯಾವ ಬುಡಕ್ಕೆ ಶತ್ರು ಬಂದರೂ ಪಕ್ಕದ ಮೂಲೆಯಿಂದ ಗುಂಡು ಹೊಡೆಯಲು ಬರಲಿ ಅಂತ ಆ ಆಕಾರ. ಕರಾವಳಿಯಿಂದ ಘಟ್ಟ ಹತ್ತಿ ಬರುವ ದಾರಿಯ ಮೇಲೆ ಕಣ್ಣಿಡಲಿಕ್ಕೆ ಆ ಎತ್ತರ. ನಡುವೆ ಶಿಲುಬೆಯ ಆಕಾರದಲ್ಲಿ ತೋಡಿ ಕಟ್ಟಿದ, ಮೆಟ್ಟಿಲಿಳಿದು ಹೋಗುವ ಕೊಳ. ಅದರ ಪಕ್ಕದಲ್ಲೇ ನೆಲದೊಳಗೆ ಮದ್ದಿನ ಮನೆ. ಎಲ್ಲವೂ ಲೆಕ್ಕ ಹಾಕಿ ಕಟ್ಟಿದ್ದು. ಚೆಂದ ಕಾಣಲಿ ಅಂತ ಅಲ್ಲ, ಕೊಲ್ಲೋದಕ್ಕೆ ಸುಲಭ ಆಗಲಿ ಅಂತ.

ಆದರೆ ಗೋಡೆಯ ಮೇಲೆ ನಿಂತಾಗ ನಮಗೆ ಕಂಡದ್ದು ಬೇರೆ. ಕಣಿವೆಯಿಂದ ಮಂಜು ಒಲೆಯ ಹೊಗೆಯ ಹಾಗೆ ಏಳುತ್ತಿತ್ತು. ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು ಗುಡ್ಡ. ಕೆಳಗೆ ತೋಟಗಳ ಹಸಿರು, ನಡುನಡುವೆ ಸಿಲ್ವರ್ ಮರಗಳ ಸಾಲು. ಬಿಸಿಲು ಚೆನ್ನಾಗಿದ್ದ ದಿನ ಅರಬ್ಬೀ ಸಮುದ್ರವೂ ಕಾಣ್ತದೆ ಅಂತಾರೆ. ನಮಗೆ ಕಾಣಲಿಲ್ಲ. ಕಾಣಲಿಲ್ಲ ಅಂತ ಬೇಜಾರೂ ಆಗಲಿಲ್ಲ. ಒಬ್ಬ ಗೋಡೆಯ ಮೇಲೆ ಅಂಗಾತ ಮಲಗಿ ಹಾಡಿದ. ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನ ಹಂಚಿಕೊಂಡೆವು. ಕೊಳದ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತು ಪಾಚಿಗಟ್ಟಿದ ನೀರು ನೋಡುತ್ತ ಸುಮ್ಮಸುಮ್ಮನೆ ನಕ್ಕೆವು. ಆರು ಜನವೂ ಒಟ್ಟಿಗೆ ಅಷ್ಟು ನಕ್ಕು ಎಷ್ಟು ವರ್ಷ ಆಗಿತ್ತೋ.

ಆಗ ನಮ್ಮಲ್ಲೊಬ್ಬ ಕೇಳಿದ: ‘ಲೋ, ಇಷ್ಟು ಖುಷಿ ಆಗ್ತಾ ಇದೆಯಲ್ಲ, ಇದು ಸರೀನಾ?’

ನಗು ನಿಂತಿತು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಕತ್ತಲಾದರೆ ಹೋಬಳಿಯ ದಾರಿಯಲ್ಲಿ ಆನೆ ಕಾಟ, ಬೇಗ ಇಳಿದು ಬಸ್ಸು ಹತ್ತಿದೆವು. ಮನೆಗೆ ಬಂದಾಗ ಅವನ ಅವ್ವ ಕೇಳಿದ್ದು ಎರಡೇ ಮಾತು: ‘ಚೆಂದಾಗಿತ್ತಾ ಮಗಾ?’ ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಮೂವತ್ತು ವರ್ಷ ಗೇಯ್ದವಳು ಅವಳು. ಆ ಗುಡ್ಡದ ಸುತ್ತಮುತ್ತ ಎಷ್ಟೋ ತೋಟದಲ್ಲಿ ಹಣ್ಣು ಕುಯ್ದಿದ್ದಾಳೆ. ಕೋಟೆ ಹತ್ತಿದವಳಲ್ಲ. ಚೆಂದಾಗಿತ್ತು ಅನ್ನೋಕೆ ನಮ್ಮ ಬಾಯಿ ಏಳಲಿಲ್ಲ.

ಇಂಥ ಪ್ರಶ್ನೆಗೆ ನಮ್ಮ ಕಡೆ ಎರಡು ಸಿದ್ಧ ಉತ್ತರಗಳಿವೆ. ಎರಡನ್ನೂ ಒರೆಗೆ ಹಚ್ಚಿ ನೋಡೋಣ.

ಮೊದಲನೆಯದು ನಮ್ಮದೇ ವೇದಿಕೆಗಳಲ್ಲಿ ಕೇಳಿಬರುವ ಉತ್ತರ. ಈ ಕಲ್ಲುಗಳಲ್ಲಿ ನಮ್ಮವರ ರಕ್ತ ಇದೆ, ಇದನ್ನು ನೋಡಿ ಸಂತೋಷಪಡುವುದು ಅಜ್ಜನಿಗೆ ಮಾಡಿದ ದ್ರೋಹ ಅನ್ನುವುದು. ಈ ಮಾತನ್ನು ನಾವೇ ಪದ್ಯ ಮಾಡಿ ಓದಿದ್ದೇವೆ. ಚಪ್ಪಾಳೆ ಬಿದ್ದಿದೆ. ಬರೆದವರೇ ಹೇಳುತ್ತೇವೆ, ಆ ಪದ್ಯದಲ್ಲಿ ಅರ್ಧ ಸತ್ಯ ಇತ್ತು. ಮಂಜರಾಬಾದಿನ ಕಲ್ಲು ಹೊತ್ತವರ ಹೆಸರನ್ನು ಚರಿತ್ರೆ ಬರೆದಿಟ್ಟಿಲ್ಲ, ಆ ಅರ್ಧ ಸತ್ಯ. ಆದರೆ ಅವರ ಹೆಸರು ಇಲ್ಲ ಅಂತ ಆ ಖಾಲಿ ಜಾಗದಲ್ಲಿ ನಮಗೆ ಬೇಕಾದ್ದನ್ನು ಬರೆದುಕೊಂಡು ಅದನ್ನೇ ಚರಿತ್ರೆ ಅಂದರೆ, ನಮ್ಮನ್ನು ಬಿಟ್ಟು ಚರಿತ್ರೆ ಬರೆದವರಿಗೂ ನಮಗೂ ಏನು ವ್ಯತ್ಯಾಸ? ಇನ್ನೊಂದು ಮಾತು ಇದಕ್ಕಿಂತ ಕಹಿ. ಎರಡು ಶತಮಾನದ ಹಿಂದಿನ ಅಜ್ಜನ ಹೆಗಲ ಮೇಲಿದ್ದ ಕಲ್ಲನ್ನು ತೋರಿಸಿ ನಾವು ಚಪ್ಪಾಳೆ ಗಿಟ್ಟಿಸಿದೆವು. ಅದೇ ಹೊತ್ತಿಗೆ ಅವ್ವನ ತಲೆಯ ಮೇಲಿದ್ದ ಕಾಫಿ ಹಣ್ಣಿನ ಮೂಟೆಗೆ ಕೈ ಹಚ್ಚಲಿಲ್ಲ. ಸತ್ತವರ ನೋವು ಎತ್ತಿಕೊಳ್ಳೋದು ಸುಲಭ, ಅವರು ಲೆಕ್ಕ ಕೇಳೋದಿಲ್ಲ.

ಎರಡನೆಯ ಉತ್ತರ ಪಠ್ಯಪುಸ್ತಕದ್ದು, ಪ್ರವಾಸೋದ್ಯಮದ ಕರಪತ್ರದ್ದು. ಕಲೆಗೆ ಜಾತಿ ಇಲ್ಲ, ಸೌಂದರ್ಯಕ್ಕೆ ಮೇಲು ಕೀಳು ಇಲ್ಲ, ಎಲ್ಲವೂ ಎಲ್ಲರದು, ನೋಡಿ ಸಂತೋಷಪಡಿ ಅನ್ನುವುದು. ಕೇಳೋಕೆ ಇಂಪಾಗಿದೆ. ಇದನ್ನು ಒರೆಗೆ ಹಚ್ಚಲು ನಾವು ಬೇಲೂರಿಗೆ ಹೋಗಬೇಕು. ಯಾಕೆಂದರೆ ನಮ್ಮ ಜಿಲ್ಲೆಯ ಮಕ್ಕಳು ಸೌಂದರ್ಯದ ಮೊದಲ ಪಾಠ ಕಲಿಯೋದು ಅಲ್ಲೇ.

ನಾವು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಬೇಲೂರು, ಹಳೇಬೀಡು ಪ್ರವಾಸ ಹೊರಟೆವು. ದೇವಸ್ಥಾನದ ಮುಂದೆ ಚಪ್ಪಲಿ ಬಿಡಬೇಕು. ಚಪ್ಪಲಿ ಸ್ಟ್ಯಾಂಡಿಗೆ ದುಡ್ಡು ಯಾಕೆ ದಂಡ ಅಂತ ಮೇಷ್ಟ್ರು ಮೂವರನ್ನು ಕರೆದು, ‘ನೀವು ಇಲ್ಲೇ ಕೂತ್ಕಂಡು ಚಪ್ಪಲಿ ನೋಡ್ಕೊಳ್ರೋ, ಆಮೇಲೆ ನಿಮ್ಮನ್ನ ಕಳಿಸ್ತೀನಿ’ ಅಂದರು. ಮೂವರೂ ನಾವೇ. ಮೂವರೂ ಕೇರಿಯ ಹುಡುಗರು. ಅವರು ಜಾತಿಯ ಹೆಸರು ಎತ್ತಲಿಲ್ಲ. ಅವರಿಗೆ ಬೇಕಂತಲೇ ಮಾಡುವ ಮನಸ್ಸೂ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ. ಐವತ್ತು ಮಕ್ಕಳ ನಡುವೆ ಚಪ್ಪಲಿ ಕಾಯೋಕೆ ಯಾರು ಅಂತ ಅವರ ಕಣ್ಣು ಹುಡುಕಿತು, ಕಣ್ಣು ತಾನಾಗಿಯೇ ನಮ್ಮ ಮೇಲೆ ಬಂದು ನಿಂತಿತು. ಒಳಗಿದ್ದವರು ಬರುವ ಹೊತ್ತಿಗೆ ಡ್ರೈವರ್ ಹಾರನ್ ಬಾರಿಸುತ್ತಿದ್ದ. ‘ಹಳೇಬೀಡಲ್ಲಿ ನೋಡೀರಂತೆ ಹತ್ರೋ’ ಅಂದರು. ಹಳೇಬೀಡಿನಲ್ಲಿ ನೋಡಿದೆವು. ನಮ್ಮ ಕಣ್ಣು ಗೋಡೆಯ ಆನೆ, ಕುದುರೆ, ಹಂಸಗಳ ಸಾಲಿನ ಮೇಲೆ ಇತ್ತು. ಮನಸ್ಸು ಬೇಲೂರಿನ ಚಪ್ಪಲಿ ರಾಶಿಯ ಮುಂದೆಯೇ ಇತ್ತು.

ಕಾಲೇಜಿಗೆ ಬಂದ ಮೇಲೆ ನಮ್ಮಷ್ಟಕ್ಕೆ ನಾವು ಬೇಲೂರಿಗೆ ಹೋದೆವು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯ. ಅಲ್ಲಿಯ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿ ಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕೆಲಸಗಾರ ತನ್ನ ಕೆಲಸದ ಕೆಳಗೆ ತನ್ನ ಹೆಸರು ಬರೆಯುವ ಹಕ್ಕು ಪಡೆದದ್ದು ನೋಡಿ ನಮಗೆ ನಿಜಕ್ಕೂ ಹೆಮ್ಮೆ ಆಯಿತು. ಆದರೆ ಅದೇ ದೇವಾಲಯಕ್ಕೆ ಸೇರಿದ ಇನ್ನೊಂದು ಸಂಗತಿಯನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಬೇಲೂರಿನ ಚೆನ್ನಿಗರಾಯ ಆಗಾಗ ಬಾಬಾಬುಡನ್ ಗಿರಿಗೆ ದೇವಿಯನ್ನು ನೋಡಲು ಹೋಗುತ್ತಾನಂತೆ. ಅದಕ್ಕೆ ಗುಡಿಯಲ್ಲಿ ಒಂದು ಜೊತೆ ದೊಡ್ಡ ಪಾದರಕ್ಷೆ. ಅದು ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಕಡೆಯ ಚಪ್ಪಲಿ ಹೊಲಿಯುವವರಿಗೆ ಕನಸಿನಲ್ಲಿ ತಿಳಿಯುತ್ತದಂತೆ. ಅವರು ಹೊಸ ಜೊತೆ ಹೊಲಿದು ತಂದು ಒಪ್ಪಿಸುವಾಗ ಮಾತ್ರ ಅವರಿಗೆ ಗುಡಿಯೊಳಗೆ ಪ್ರವೇಶ.

ದೇವರಿಗೆ ಕಾಲಿಗೆ ನಾವು ಹೊಲಿದದ್ದು ಬೇಕು. ಚಪ್ಪಲಿ ಒಳಗೆ ಇರಬಹುದು. ಹೊಲಿದವನು ಇಟ್ಟು ಹೊರಗೆ ಬರಬೇಕು. ಇದನ್ನು ಓದಿದ ದಿನ ನಮಗೆ ಗೊತ್ತಾಯಿತು, ಏಳನೇ ಕ್ಲಾಸಿನಲ್ಲಿ ನಾವು ಕೂತಿದ್ದ ಜಾಗ ನಮ್ಮ ಮೇಷ್ಟ್ರು ಕಂಡುಹಿಡಿದದ್ದಲ್ಲ, ಬಹಳ ಹಿಂದೆಯೇ ಗುರುತು ಮಾಡಿಟ್ಟದ್ದು. ಕಲೆಗೆ ಜಾತಿ ಇಲ್ಲದೆ ಇರಬಹುದು. ಕಲೆಯ ಮುಂದೆ ಯಾರು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಇದೆ.

ಹಾಗಾದರೆ ಎರಡು ಉತ್ತರವೂ ಸಾಲದು. ಒಂದು ನಮ್ಮನ್ನು ನೋಡಬೇಡಿ ಅನ್ನುತ್ತದೆ. ಇನ್ನೊಂದು ಏನನ್ನೂ ನೆನೆಯದೆ ನೋಡಿ ಅನ್ನುತ್ತದೆ. ಮೂರನೆಯ ದಾರಿ ಹುಡುಕುವಾಗ ನಮಗೆ ಬಾಬಾಸಾಹೇಬರ ದೌಲತಾಬಾದ್ ಪ್ರವಾಸ ನೆನಪಾಯಿತು.

1934. ಅಂಬೇಡ್ಕರ್ ಅವರ ಚಳವಳಿಯ ಕಾರ್ಯಕರ್ತರು, ಸುಮಾರು ಮೂವತ್ತು ಜನ, ಎಲ್ಲರೂ ಅಸ್ಪೃಶ್ಯರು, ಒಟ್ಟಿಗೆ ಪ್ರವಾಸ ಹೊರಟರು. ವೆರೂಳ, ಅಂದರೆ ಎಲ್ಲೋರದ ಗುಹೆಗಳನ್ನು ನೋಡುವ ಆಸೆ. ದಾರಿಯಲ್ಲಿ ದೌಲತಾಬಾದ್ ಕೋಟೆ. ಆಗ ಅದು ಹೈದರಾಬಾದ್ ನಿಜಾಮರ ಸೀಮೆ. ದಾರಿಯ ಧೂಳು ಮೈಗೆಲ್ಲ ಮೆತ್ತಿತ್ತು. ಕೋಟೆ ಬಾಗಿಲ ಬಳಿ ನೀರು ತುಂಬಿದ ಕೊಳ. ಕೆಲವರು ಮುಖ, ಕೈಕಾಲು ತೊಳೆದುಕೊಂಡರು. ಹಿಂದಿನಿಂದ ಒಬ್ಬ ಮುದುಕ ಕೂಗುತ್ತ ಓಡಿಬಂದ, ಅಸ್ಪೃಶ್ಯರು ಕೊಳ ಮೈಲಿಗೆ ಮಾಡಿದರು ಅಂತ. ಜನ ಸೇರಿದರು, ಬೈಗುಳ ಸುರಿಯಿತು. ಅವನು ಮುಸಲ್ಮಾನ. ಮೈಲಿಗೆ ಅನ್ನುವುದು ಒಂದೇ ಧರ್ಮದ ಮನೆಯಲ್ಲಿ ಉಳಿಯುವ ರೋಗ ಅಲ್ಲ ಅಂತ ಬಾಬಾಸಾಹೇಬರು ಅಲ್ಲಿ ಕಂಡರು. ಕೊನೆಗೆ ಕೋಟೆ ನೋಡಲು ಬಿಟ್ಟರು. ಷರತ್ತು ಒಂದೇ, ಒಳಗೆ ಎಲ್ಲೂ ನೀರು ಮುಟ್ಟಬಾರದು. ಮುಟ್ಟುತ್ತಾರೋ ಅಂತ ಕಾಯಲು ಬಂದೂಕು ಹಿಡಿದ ಸಿಪಾಯಿಯೊಬ್ಬ ಜೊತೆಗೆ ಬಂದ.

ಯೋಚನೆ ಮಾಡಿ ಗೆಳೆಯರೇ. ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಸರಿಸಮ ಕೂತು ವಾದಿಸಿ ಬಂದ ಮನುಷ್ಯ ಅವರು. ಕೋಟೆಯೋ, ಸತ್ತ ಕೋಟೆ. ಅದು ದೇವಗಿರಿ ಆಗಿದ್ದಾಗಿನ ಯಾದವರು ಇಲ್ಲ. 1327ರಲ್ಲಿ ಅದನ್ನು ರಾಜಧಾನಿ ಮಾಡಿದ ತುಘಲಕ್ ಇಲ್ಲ. ಅದರ ತೋಪುಗಳು ಯಾರ ಮೇಲೂ ಗುಂಡು ಹಾರಿಸುತ್ತಿರಲಿಲ್ಲ. ಅಂಥ ಪಾಳುಕೋಟೆಯ ಬಾಗಿಲಲ್ಲಿ, ಒಂದು ಬೊಗಸೆ ನೀರಿನ ಸುತ್ತ, ಇನ್ನೊಂದು ಕೋಟೆ ನಿಂತಿತ್ತು. ಅದಕ್ಕೆ ಕಲ್ಲಿಲ್ಲ, ಗಾರೆಯಿಲ್ಲ. ಅದರಲ್ಲಿ ಒಂದು ಬಿರುಕೂ ಇರಲಿಲ್ಲ.

ನಮ್ಮ ಪ್ರಶ್ನೆಗೆ ಉತ್ತರದ ಎಳೆ ಸಿಕ್ಕಿದ್ದು ಇಲ್ಲಿ. ಪಾಳುಬಿದ್ದದ್ದನ್ನು ನೋಡಿ ಮನುಷ್ಯನಿಗೆ ಯಾಕೆ ಸಂತೋಷ ಆಗುತ್ತದೆ? ಅದು ಬಿದ್ದಿದೆ ಅನ್ನುವುದಕ್ಕೆ. ಮಂಜರಾಬಾದಿನ ಗೋಡೆಯ ಮೇಲೆ ನಾವು ನಿರಾಳವಾಗಿ ಕಾಲು ಚಾಚಿದ್ದು ಯಾಕೆಂದರೆ, ಆ ಗೋಡೆಗೆ ಈಗ ನಮ್ಮ ಮೇಲೆ ಯಾವ ಅಧಿಕಾರವೂ ಇಲ್ಲ. 1792ರ ಹೊತ್ತಿಗೆ ಕೋಟೆ ಮುಗಿಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸತ್ತ. ಅವನು ಇವರವನೋ ಅವರವನೋ ಅಂತ ಇವತ್ತು ಗುಂಪು ಕಟ್ಟಿಕೊಂಡು ಜಗಳ ಆಡುವವರಿದ್ದಾರೆ. ನಮ್ಮ ಮಾತು ಆ ಜಗಳದ್ದಲ್ಲ. ಕೋಟೆಗೆ ಯಜಮಾನ ಇಲ್ಲ, ಮದ್ದಿನ ಮನೆಯಲ್ಲಿ ಮದ್ದಿಲ್ಲ, ಅಷ್ಟೇ ನಮಗೆ ಬೇಕಾದ್ದು. ಹೆದರಿಸುವ ಶಕ್ತಿ ಹೋದ ಮೇಲೆ ಉಳಿದದ್ದು ಕಲ್ಲು, ಗಾಳಿ, ಮಂಜು. ಅದನ್ನು ನೋಡಿ ಸಂತೋಷಪಡುವುದರಲ್ಲಿ ಯಾವ ಪಾಪವೂ ಇಲ್ಲ.

ಬೇಲೂರಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಹೊಯ್ಸಳರು ಬಿದ್ದಿದ್ದಾರೆ, ಹೊಸಿಲು ಬಿದ್ದಿಲ್ಲ. ನಮ್ಮ ಸೀಮೆಯ ಚರಿತ್ರೆಯನ್ನೇ ನೋಡಿ. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂತು. ಆ ಶತಮಾನ ಮುಗಿಯುವ ಮೊದಲೇ ಹೊಯ್ಸಳರು ಇಲ್ಲವಾದರು. ರಾಜಧಾನಿಯ ಹೆಸರೇ ಅಳಿಸಿ ಹಳೇಬೀಡು ಅಂತಾಯಿತು. 1565ರಲ್ಲಿ ವಿಜಯನಗರ ಬಿತ್ತು, ಹಾಳು ಹಂಪೆ ಅನ್ನುವ ಮಾತು ಉಳಿಯಿತು. 1799ರಲ್ಲಿ ಟಿಪ್ಪು, 1947ರಲ್ಲಿ ಬ್ರಿಟಿಷರು. ಒಬ್ಬೊಬ್ಬರೂ ಹೋಗುವಾಗ ಒಂದೊಂದು ಪಾಳು ಬಿಟ್ಟು ಹೋದರು. ಹಾಳೂರಿಗೆ ಉಳಿದವನೇ ಗೌಡ ಅಂತ ಗಾದೆ. ನಮ್ಮ ನಾಡಿನಲ್ಲಿ ಊರಿಗೆ ಊರೇ ಹಾಳಾದರೂ ಗೌಡಿಕೆ ಹಾಳಾಗಲಿಲ್ಲ. ಎಲ್ಲ ಕಿರೀಟಗಳೂ ಉರುಳಿದವು. ಊರಿಗೂ ಕೇರಿಗೂ ನಡುವೆ ಎಳೆದ ಗೆರೆ ಮಾತ್ರ ಎಳೆದಲ್ಲೇ ಇದೆ.

ನಮ್ಮ ಹೋಬಳಿಯ ಹೆಸರು ಕೆ. ಹೊಸಕೋಟೆ, ಕೆಂಚಮ್ಮನ ಹೊಸಕೋಟೆ. ಹೆಸರಿನಲ್ಲೇ ಕೋಟೆ ಇದೆ. ನಮ್ಮ ಕಣ್ಣಿಗೆ ಕಲ್ಲಿನ ಕೋಟೆ ಕಂಡಿಲ್ಲ. ಆದರೆ ಸುತ್ತಿನ ಯಾವ ಹಳ್ಳಿಗೆ ಹೋಗಿ, ಕೇರಿ ಎಲ್ಲಿ ಅಂತ ಕೇಳಬೇಕಾಗಿಲ್ಲ, ಕಾಲಿಗೇ ಗೊತ್ತಾಗುತ್ತದೆ. ಟಾರು ರಸ್ತೆ ಎಲ್ಲಿ ನಿಲ್ಲುತ್ತದೋ ಅಲ್ಲಿ. ಕಾಗದದಲ್ಲಿ ಆ ಕೋಟೆ ಬಿದ್ದು 75 ವರ್ಷ ದಾಟಿತು. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಒಂದು ಕಾಯಿದೆ ಬಂತು, 1989ರಲ್ಲಿ ದೌರ್ಜನ್ಯ ತಡೆಯುವ ಇನ್ನೊಂದು. ಆಮೇಲೂ, 2015ರಲ್ಲಿ, ನಮ್ಮದೇ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನದೊಳಗೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ ಸುದ್ದಿಯನ್ನು ನಾಡೆಲ್ಲ ಓದಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮಗೂ ಸಂತೋಷವೇ. ಆದರೆ ಒಂದೇ ಜಿಲ್ಲೆಯಲ್ಲಿ ಎಂಟು ವರ್ಷಗಳ ಅಂತರದಲ್ಲಿ ಬಂದ ಈ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬಿದ್ದದ್ದೆಲ್ಲ ಒಂದೇ ಅಲ್ಲ. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಇದೆ. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ್ದು. ಮಳೆಗಾಲದಲ್ಲಿ ಕಂಬಗಳು ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ಕಾಲಿಟ್ಟು ಓಡಾಡಬಹುದು. ಬೆಂಗಳೂರಿನಿಂದ ಜನ ಬಂದು ಮದುವೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ನಿಜಕ್ಕೂ ಚೆಂದದ ಜಾಗ. ಆದರೆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಆ ನೀರಿನಡಿಯ ಹೊಲಮನೆಗಳಿಂದ ಎದ್ದು ಹೋದವರು ಇನ್ನೂ ಬದುಕಿದ್ದಾರೆ. ಅವರ ಕಣ್ಣಿಗೆ ಅದು ಪಾಳು ಅಲ್ಲ, ಬಿಟ್ಟು ಬಂದ ಊರು. ಹೆದರಿಸುತ್ತಿದ್ದವನ ಕೋಟೆ ಬಿದ್ದಾಗ ಕೂತು ನಗಬಹುದು. ಇದ್ದ ಮನೆ ಬಿಟ್ಟು ಎದ್ದವನ ಗೋಡೆಯ ಮುಂದೆ ನಗುವ ಮೊದಲು, ಅವನು ಈಗ ಎಲ್ಲಿದ್ದಾನೆ ಅಂತ ಒಂದು ಮಾತು ಕೇಳಬೇಕು. ಬಿದ್ದದ್ದು ಯಾರದು, ಯಾರ ಒಳಿತಿಗೆ ಬಿತ್ತು ಅನ್ನುವ ಪ್ರಶ್ನೆ ಬಿಟ್ಟು ಬರೀ ಚೆಂದ ನೋಡುವ ಕಣ್ಣು ಅರ್ಧ ಕುರುಡು.

ಹಾಗಾದರೆ ಆ ಕಣ್ಣಿಗೆ ಕಾಣದ ಕೋಟೆ ಬೀಳುವವರೆಗೆ ನಾವು ನಗಬಾರದಾ? ಗುಡ್ಡ ಹತ್ತಬಾರದಾ? ಇಲ್ಲ. ಇದನ್ನು ಒತ್ತಿ ಹೇಳಬೇಕು ಅಂತಲೇ ಈ ಬರಹ. ನಮ್ಮ ಚಳವಳಿಯಲ್ಲಿ ನಗುವನ್ನು ಅನುಮಾನದಿಂದ ನೋಡುವ ಒಂದು ಅಭ್ಯಾಸ ಬೆಳೆದಿದೆ. ಸದಾ ಹಲ್ಲು ಕಚ್ಚಿಕೊಂಡಿರುವವನೇ ನಿಜವಾದ ಬಂಡಾಯಗಾರ ಅನ್ನುವ ಹಾಗೆ. ಬಾಬಾಸಾಹೇಬರು ದೌಲತಾಬಾದಿಗೆ ಹೋದದ್ದು ಭಾಷಣ ಮಾಡೋಕಲ್ಲ, ಸತ್ಯಾಗ್ರಹಕ್ಕಲ್ಲ. ನೋಡೋಕೆ. ಸುಮ್ಮನೆ ನೋಡಿ ಸಂತೋಷಪಡೋಕೆ. 1927ರಲ್ಲಿ ಮಹಾಡಿನ ಚೌದಾರ್ ಕೆರೆಯ ನೀರು ಕುಡಿಯಲು ಸಾವಿರಾರು ಜನರನ್ನು ಕರೆದುಕೊಂಡು ಹೋದ ಮನುಷ್ಯನೇ 1934ರಲ್ಲಿ ಮೂವತ್ತು ಜನರ ಜೊತೆ ಕೋಟೆ ನೋಡಲು ಹೊರಟದ್ದು. ನಮಗೆ ಇವೆರಡೂ ಬೇರೆ ಬೇರೆ ಅಂತ ಕಾಣುವುದಿಲ್ಲ. ನೋಟವೂ ನೀರಿನ ಹಾಗೆ. ಗುಡ್ಡದ ಮೇಲಿನ ಗಾಳಿಗೆ, ದೂರದ ಬೆಟ್ಟದ ಸಾಲಿಗೆ ಯಾರೂ ಪಟ್ಟಾ ಮಾಡಿಸಿಕೊಂಡಿಲ್ಲ. ಆದರೂ ನಮ್ಮ ಹಿರಿಯರಿಗೆ ಅದು ಸಿಗಲಿಲ್ಲ. ಬಾಗಿಲು ಹಾಕಿದ್ದಕ್ಕೆ ಮಾತ್ರವಲ್ಲ. ಬಿಡುವು ಇರಲಿಲ್ಲ, ಬಸ್ಸಿಗೆ ದುಡ್ಡಿರಲಿಲ್ಲ, ಎತ್ತರದಲ್ಲಿ ನಿಂತು ನೋಡುವುದು ನಮ್ಮಂಥವರ ಕೆಲಸ ಅಲ್ಲ ಅಂತ ಮನಸ್ಸೇ ಹೇಳಿಬಿಟ್ಟಿತ್ತು. ನೋಡುವ ಸಂತೋಷ ನಮ್ಮಿಂದ ಕಸಿದ ಆಸ್ತಿ. ಕಸಿದದ್ದನ್ನು ವಾಪಸ್ ಪಡೆಯದೆ, ನಮಗೆ ಬೇಡ ಅಂತ ನಾವೇ ಬಿಟ್ಟುಕೊಟ್ಟರೆ ಕಸಿದವನಿಗೇ ಲಾಭ.

ಆದರೆ ಎತ್ತರಕ್ಕೆ ಒಂದು ದೋಷ ಇದೆ. ಮಂಜರಾಬಾದ್ ನಕ್ಷತ್ರದ ಆಕಾರ ಅಂತ ಕಾಣಬೇಕಾದರೆ ಇನ್ನೂ ಮೇಲೆ, ಆಕಾಶದಲ್ಲಿರಬೇಕು. ಈಗ ಡ್ರೋನ್ ಕ್ಯಾಮೆರಾದಲ್ಲಿ ತೆಗೆದು ತೋರಿಸುತ್ತಾರೆ. ಒಳಗೆ ನಿಂತವನಿಗೆ ಕಾಣುವುದು ಬರೀ ಗೋಡೆ. ಮೇಲೆ ಹೋದಷ್ಟೂ ಆಕಾರ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯುವುದು ನಮ್ಮ ರಾಜ್ಯದ ಇಂಥ ಗುಡ್ಡಗಳಲ್ಲಿ. ಆ ಹಸಿರಿನಡಿ ಲೈನ್ ಮನೆಗಳಿವೆ ಅಂತ ನಮಗೆ ಗೊತ್ತು, ನಮ್ಮಲ್ಲಿ ಇಬ್ಬರು ಹುಟ್ಟಿದ್ದೇ ಅಂಥ ಮನೆಗಳಲ್ಲಿ. ಆದರೂ ಕೋಟೆಯ ಮೇಲೆ ನಿಂತಾಗ ನಾವೂ ‘ಎಷ್ಟು ಹಸಿರು’ ಅಂತಷ್ಟೇ ಅಂದೆವು. ಗೆಳೆಯ ಕೇಳಿದ ಪ್ರಶ್ನೆಯಲ್ಲಿ ಚುಚ್ಚಿದ ಮುಳ್ಳು ಇದೇ ಅಂತ ಈಗ ಅನ್ನಿಸುತ್ತದೆ. ತಪ್ಪು ಖುಷಿಪಟ್ಟದ್ದರಲ್ಲಿ ಇರಲಿಲ್ಲ. ಆ ಎರಡು ಗಂಟೆ ನಾವು ಅವ್ವಂದಿರನ್ನು ಮರೆತು ಸಾಹುಕಾರರ ಕಣ್ಣಿನಿಂದ ನೋಡಿದ್ದೆವು.

ಶಾಲಾ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇವೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಬೇಲೂರು ತೋರಿಸಿ, ಮಂಜರಾಬಾದ್ ತೋರಿಸಿ, ದಾಸೋಜನ ಹೆಸರು ಓದಿಸಿ. ಪಾದರಕ್ಷೆಯ ಕಥೆಯನ್ನೂ ಹೇಳಿ. ಆದರೆ ಚಪ್ಪಲಿ ಬಿಡುವ ಜಾಗದಲ್ಲಿ ನಿಮ್ಮ ಕಣ್ಣು ಯಾರ ಮೇಲೆ ಹೋಗಿ ನಿಲ್ಲುತ್ತದೆ ಅಂತ ಒಮ್ಮೆ ಗಮನಿಸಿ. ನಮ್ಮಲ್ಲಿ ಅತಿಥಿ ಶಿಕ್ಷಕಿಯಾಗಿರುವವಳು ಈ ವರ್ಷ ಮಕ್ಕಳನ್ನು ಬೇಲೂರಿಗೆ ಕರೆದೊಯ್ದಳು. ಸ್ಟ್ಯಾಂಡಿಗೆ ತನ್ನ ಕೈಯಿಂದ ದುಡ್ಡು ಕೊಟ್ಟಳು. ಹೊರಗೆ ಒಂದು ಮಗುವೂ ಉಳಿಯಲಿಲ್ಲ. ದೊಡ್ಡ ಕ್ರಾಂತಿ ಅಲ್ಲ. ಆದರೆ ಆ ಜಾಗದ ಗುರುತು ಅವತ್ತೊಂದು ದಿನ ಅಳಿಸಿತು.

ಕಾಫಿ ಕುಯ್ಲು ಮುಗಿದ ಮೇಲೆ ನಾವು ಅವ್ವನನ್ನೂ ಮಂಜರಾಬಾದಿಗೆ ಕರೆದುಕೊಂಡು ಹೋದೆವು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಅವಳಿಗೆ ಬೇಡ ಅನ್ನೋಕೆ ನೆಪ ಸಿಗಲಿಲ್ಲ. ಮೆಟ್ಟಿಲು ಹತ್ತುವಾಗ ನಾಲ್ಕು ಕಡೆ ಕೂತಳು. ಗೋಡೆಯ ಮೇಲೆ ನಿಂತು ಸೆರಗು ಬಿಗಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿ, ‘ಅಗೋ, ಆ ಸಿಲ್ವರ್ ಮರದ ಸಾಲು ಕಾಣ್ತದಲ್ಲ, ಅದರಾಚೆ ನಾವು ಲೈನಲ್ಲಿದ್ದಿದ್ದು. ನಿಮ್ಮಕ್ಕ ಹುಟ್ಟಿದ್ದು ಅಲ್ಲೇಯ’ ಅಂದಳು. ನಮಗೆ ಬರೀ ಹಸಿರು ಕಂಡಿದ್ದ ಕಡೆ ಅವಳಿಗೆ ಒಂದು ಹೆರಿಗೆ, ಒಂದು ಮಳೆಗಾಲ, ಕೊಡದೆ ಉಳಿಸಿಕೊಂಡ ಕೂಲಿ ಎಲ್ಲ ಕಂಡವು. ಕಂಡರೂ ಅವಳ ಮುಖ ಬಾಡಲಿಲ್ಲ. ‘ಇಲ್ಲಿಂದ ಎಷ್ಟು ಚೆಂದ ಕಾಣ್ತದೆ ನೋಡು’ ಅಂತ ನಕ್ಕಳು. ಎರಡೂ ಒಟ್ಟಿಗೆ ನೋಡಬಹುದು ಅಂತ ನಮಗೆ ಪುಸ್ತಕ ಹೇಳಿಕೊಟ್ಟಿರಲಿಲ್ಲ.

‘ಈ ಕೋಟೆ ಯಾಕೆ ಹಿಂಗಾಯ್ತು?’ ಅಂತ ಕೇಳಿದಳು. ಕಟ್ಟಿ ಮುಗಿಸಿದ ಏಳೇ ವರ್ಷಕ್ಕೆ ರಾಜ ಸತ್ತ ಅಂತ ಹೇಳಿದೆವು. ‘ಏಳೇ ವರ್ಷಾನಾ? ನಮ್ಮ ಮಣ್ಣಿನ ಗೋಡೆ ಹನ್ನೆರಡು ಮಳೆ ತಡೀತಲ್ಲೋ’ ಅಂದಳು.

ಇಳಿಯುವ ಮುಂಚೆ ಕೊಳದ ದಂಡೆಗೆ ಬಂದಳು. ಮೊದಲ ಮೆಟ್ಟಿಲ ಮೇಲೆ ಕಾಲಿಡುವ ಮುನ್ನ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಯಾರಾದರೂ ಇದ್ದಾರಾ, ಏನಾದರೂ ಅಂತಾರಾ ಅಂತ. ಯಾರೂ ಇರಲಿಲ್ಲ. ಯಾರೂ ಏನೂ ಅನ್ನುತ್ತಲೂ ಇರಲಿಲ್ಲ. ಆದರೂ ನೋಡಿದಳು.

ಕಾರ್ತೀಕದ ಆ ಭಾನುವಾರ ನಾವು ಆರು ಜನ ಹಾಗೆ ಸುತ್ತ ನೋಡಿರಲಿಲ್ಲ. ನೇರ ಹೋಗಿ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆವು. ಅಷ್ಟರಮಟ್ಟಿಗೆ ಒಂದು ಗೋಡೆ ಬಿದ್ದಿದೆ. ಅವ್ವನ ಆ ನೋಟದಲ್ಲಿ ಉಳಿದಿರುವ ಕೋಟೆ ಬೀಳಬೇಕು. ಅದು ಮಳೆಗೆ ಬೀಳುವುದಿಲ್ಲ, ತಾನಾಗಿಯೂ ಬೀಳುವುದಿಲ್ಲ. ಅದು ಪಾಳುಬಿದ್ದ ದಿನ ನಮ್ಮ ಮಕ್ಕಳು ಅದರ ಮೇಲೆ ಕೂತು ಚಿತ್ರಾನ್ನ ತಿನ್ನಲಿ, ಇದೇನಿದು, ಯಾಕೆ ಕಟ್ಟಿದ್ದರು ಅಂತ ಕೇಳಲಿ. ಆ ದಿನ ಅವರು ಎಷ್ಟು ನಕ್ಕರೂ ಸರಿ.